ಎತ್ತಿದ ಕಾಲರ್

ವಾಮದಪದವಿನ ಶಾಲೆಯಲ್ಲಿ ಇಂಟರ್‌ವಲ್ ಬೆಲ್ ಹೊಡೆದಿತ್ತು. ಸಾಲಿಹಾ ಟೀಚರ್ ಮಕ್ಕಳಿಗೆ ಬೇಯಿಸಿದ ಹೆಸರುಕಾಳು ಹಂಚುತ್ತಿದ್ದಾಗ ಫಯಾಝ್ ಗೇಟಿನೊಳಗೆ ಬಂದ.

ಎಂದಿನಂತೆ ಶರ್ಟಿನ ಕಾಲರ್ ಎತ್ತಿತ್ತು. ತಮ್ಮಿಬ್ಬರ ನಿಶ್ಚಿತಾರ್ಥದ ದಿನವೂ ಅವನು ಅದನ್ನು ಇಳಿಸಿರಲಿಲ್ಲ. "ಹೀರೋ ಸಾಹೇಬರು" ಎಂದು ಅವಳು ಕಿಚಾಯಿಸಿದಾಗ ಕಣ್ಣಂಚಿನಲ್ಲೇ ನಕ್ಕಿದ್ದ. ಇಂದು ಆ ನಗುವಿರಲಿಲ್ಲ. ನಿನ್ನೆ ಸಂಜೆ ಅವನ ದಿನದ ಮಿಸ್ಡ್ ಕಾಲೂ ಬಂದಿರಲಿಲ್ಲ.

"ಏನು, ಹೆಸರುಕಾಳು ಬೇಕಾ?"

"ತಮಾಷೆ ಬೇಡ ಸಾಲಿಹಾ. ಶಹಲಾಳ ಕುತ್ತಿಗೆಯ ವಿಷಯ ನೀನ್ಯಾಕೆ ಹೇಳಲಿಕ್ಕೆ ಹೋದದ್ದು?"

ಶಹಲಾ ಅವನ ಅಣ್ಣನ ಮಗಳು, ಇದೇ ಶಾಲೆಯಲ್ಲಿ ಏಳನೆಯ ಕ್ಲಾಸು. ಅಣ್ಣ ದುಬೈಯಲ್ಲಿದ್ದ; ಮನೆಯಲ್ಲಿ ಚಾಕಲೇಟಿಗೆ ಬರಗಾಲವಿರಲಿಲ್ಲ. ದಪ್ಪಗಾದ ಹುಡುಗಿಯ ಕುತ್ತಿಗೆಯ ಹಿಂದೆ ಕಪ್ಪು ಪಟ್ಟಿ ಮೂಡಿತ್ತು. ಅದು ಕೊಳೆಯೆಂದು ಅಜ್ಜಿ, ಫಯಾಝನ ತಾಯಿ, ತೆಂಗಿನ ನಾರಿನಿಂದ ಉಜ್ಜಿ ಉಜ್ಜಿ ಚರ್ಮವನ್ನೇ ಸುಲಿದಿದ್ದರು.

"ಅದು ಕೊಳೆ ಅಲ್ಲ. ಸಕ್ಕರೆ ಕಾಯಿಲೆಯ ಮುಂಗುರುತು ಇರಬಹುದು, ಬಂಟ್ವಾಳಕ್ಕೆ ಹೋಗಿ ಡಾಕ್ಟರಿಗೆ ತೋರಿಸಿ ಅಂದೆ. ಓಡಾಡಿ, ತಿನ್ನುವುದನ್ನು ಸರಿ ಮಾಡಿದರೆ ಈಗಲೇ ತಡೆಯಬಹುದು."

"ಹೆಣ್ಣುಮಗುವಿಗೆ ಕಾಯಿಲೆ ಅಂತ ಊರಿಗೆಲ್ಲ ಸಾರಿದಳು, ನಾಳೆ ಇವಳನ್ನು ಯಾರು ಕಟ್ಟಿಕೊಳ್ತಾರೆ ಅಂತ ಉಮ್ಮ ಕೇಳ್ತಾರೆ. ನೀನು ಬಂದು ತಪ್ಪಾಯ್ತು ಅನ್ನಬೇಕಂತೆ. ಇಲ್ಲದಿದ್ದರೆ ನಿಕಾಹ್ ಇಲ್ಲವಂತೆ."

ಮರ್ಯಾದೆಗೆ ಹೆದರಿದ ಮನೆಯಲ್ಲಿ ಕಾಯಿಲೆ ಆರಾಮವಾಗಿ ಕೂತು ಉಣ್ಣುತ್ತದೆ. ಸಾಲಿಹಾಳ ಕೈಯ ಸೌಟು ನಿಂತಿತು.

"ನೀವೇನು ಹೇಳ್ತೀರಿ?"

"ಒಂದು ಮಾತು ಹೇಳಿಬಿಡು ಮಾರಾಯ್ತಿ. ಉಮ್ಮ ತಣ್ಣಗಾಗ್ತಾರೆ."

"ನನ್ನಿಂದ ಆಗುವುದಿಲ್ಲ. ಅಲ್ಲಿ ನೋಡಿ."

ಉಳಿದ ಮಕ್ಕಳು ಮೈದಾನದಲ್ಲಿ ಓಡುತ್ತಿದ್ದರು. ಶಹಲಾ ಒಬ್ಬಳೇ ಮರದಡಿಯಲ್ಲಿ, ಆ ಸೆಕೆಯಲ್ಲೂ ಶಾಲನ್ನು ಕುತ್ತಿಗೆಗೆ ಬಿಗಿದು ಸುತ್ತಿ ನಿಂತಿದ್ದಳು.

ಫಯಾಝ್ ನೋಡುತ್ತಲೇ ಇದ್ದ. ಅವನ ಕೈ ಮೆಲ್ಲನೆ ಕಾಲರಿಗೆ ಹೋಯಿತು. ಅದನ್ನು ಮಡಚಿ, ಸಾಲಿಹಾಳಿಗೆ ಬೆನ್ನು ಮಾಡಿದ.

ಕಪ್ಪು ಪಟ್ಟಿ. ಅದರ ಮೇಲೆ ಹಳೆಯ ಗೀರುಗಳು.

"ನನ್ನದನ್ನೂ ಉಮ್ಮ ಉಜ್ಜುತ್ತಿದ್ದರು" ಎಂದ, ತಿರುಗದೆಯೇ. "ನೀನು ನೋಡಿದರೆ ಬೇಡ ಅಂತೀಯೋ ಅಂತ ಹೆದರಿದ್ದೆ."

ತನ್ನ 'ಹೀರೋ ಸಾಹೇಬರು' ಸಾಲಿಹಾಳಿಗೇ ಚುಚ್ಚಿತು. ಆ ಗೀರುಗಳನ್ನು ಮುಟ್ಟಬೇಕೆನಿಸಿತು. ಸುತ್ತ ಮಕ್ಕಳು.

"ನಾಳೆ ನೀವೂ ಡಾಕ್ಟರ ಹತ್ತಿರ ಹೋಗುವುದುಂಟು. ಶಹಲಾಳ ಜೊತೆ."

"ನೀನೂ ಬರ್ತೀಯಾ?"

"ಉಮ್ಮ ಬಿಡ್ತಾರಾ?"

"ಇವತ್ತು ಕಾಲರ್ ಇಳಿಸಿಯೇ ಮನೆಗೆ ಹೋಗ್ತೇನೆ. ಉಜ್ಜಿದರೂ ಹೋಗಿಲ್ಲ ಅಂತ ಮೊದಲು ಅವರು ನೋಡಲಿ."

ನಿಕಾಹ್ ಉಳಿಯುತ್ತದೋ ಇಲ್ಲವೋ ಇಬ್ಬರಿಗೂ ತಿಳಿಯದು. ಅವನು ಮರದತ್ತ ನಡೆದು ಶಹಲಾಳ ಮುಂದೆ ಕುತ್ತಿಗೆ ಬಗ್ಗಿಸಿದ. ಅವಳು ಬೆರಳಿಂದ ಮುಟ್ಟಿ ನೋಡಿ, ಮೆಲ್ಲನೆ ತನ್ನ ಶಾಲು ಸಡಿಲಿಸಿದಳು. ಆಮೇಲೆ ಇಬ್ಬರೂ ಓಡತೊಡಗಿದರು. ಅರ್ಧ ಸುತ್ತಿಗೇ ಫಯಾಝನಿಗೆ ಏದುಸಿರು.

ಸಾಲಿಹಾ ಕಣ್ಣೊರೆಸಿಕೊಂಡು, ಎರಡು ಲೋಟ ಹೆಸರುಕಾಳು ತೆಗೆದಿಟ್ಟಳು.