ಚೀಟಿ ಇಲ್ಲದ ಚೀಲ

ದಾನಿಯೇಲರು ಜೋಳದ ಚೀಲ ಹೊತ್ತು ಸಿಂದಗಿಯ ನಮ್ಮ ಪ್ರಾರ್ಥನಾ ಮಂದಿರದ ಮೆಟ್ಟಿಲು ಹತ್ತಿದಾಗ ನಾನು ಕಿಟಕಿಯ ಪಕ್ಕ ಕುಳಿತು ಸುಗ್ಗಿ ಕಾಣಿಕೆಯ ಪಟ್ಟಿ ಬರೆಯುತ್ತಿದ್ದೆ. ಚೀಲ ಇಳಿಸಿ, ಕೊರಳಿಗಂಟಿದ ಹೊಟ್ಟು ಒರೆಸಿಕೊಂಡು, ನನ್ನ ಕಡೆ ಒಮ್ಮೆ ನೋಡಿದರು. ಬರೆಯುತ್ತಿದ್ದ ಹೆಸರಿನ ಮೇಲೆ ಮಸಿ ಹರಡಿತು.

"ಪೆನ್ನು ಸೋರಾಕತ್ತೈತ್ರಿ, ಟೀಚರ್."

"ತಪ್ಪು ಪೆನ್ನಿಂದಲ್ಲ ಬಿಡ್ರಿ," ಎಂದೆ. ಅವರು ನಗು ತಡೆದುಕೊಂಡು ಗಂಡಸರ ಸಾಲಿಗೆ ಹೋದರು.

ಅದು ೧೯೭೪. ಪ್ರತಿ ಸುಗ್ಗಿಗೆ ನಮ್ಮ ಕ್ರೈಸ್ತ ಸಭೆಯ ಮನೆಯವರೆಲ್ಲ ದೇವರಿಗೆ ಜೋಳ, ತೊಗರಿ, ಕೋಳಿ ತರುತ್ತಿದ್ದರು. ಕಾಣಿಕೆಗೆ ಹೆಸರಿನ ಚೀಟಿ ಕಟ್ಟಿರುತ್ತಿತ್ತು. ಶಾಲೆಯ ಟೀಚರಾಗಿದ್ದ ನಾನು ಹೆಸರು ಓದಿದರೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಇಪ್ಪತ್ತು ಮನೆಗಳ ನಮ್ಮ ಸಭೆಯಲ್ಲಿ ಆ ಚಪ್ಪಾಳೆಯ ಮಾತು ಮುಂದಿನ ಸುಗ್ಗಿಯವರೆಗೂ ನಡೆಯುತ್ತಿತ್ತು.

ದಾನಿಯೇಲರು ಆಲಮಟ್ಟಿಯಲ್ಲಿ ಸರ್ವೇಯರ್. ತಿಂಗಳಿಗೆ ಎರಡು ರವಿವಾರ ಬಾಗೇವಾಡಿಯ ಮೇಲಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅವರ ಸೋದರಮಾವ ನಮ್ಮ ಮನೆಗೆ ನನ್ನನ್ನು ಕೇಳಿಕೊಂಡು ಬಂದು ನಾಲ್ಕು ತಿಂಗಳಾಗಿತ್ತು. ಸಭೆಯ ಹಿರಿಯರಾದ ಅಪ್ಪ ಉತ್ತರ ಕೊಟ್ಟಿರಲಿಲ್ಲ. ಸರ್ಕಾರಿ ನೌಕರಿಯಿದ್ದರೂ ಒಂದು ಸಲವೂ ಪಟ್ಟಿಯಲ್ಲಿ ಹೆಸರಿಲ್ಲ, ಕೈ ಬಿಗಿ ಮನುಷ್ಯ ಎಂಬುದು ಅವರ ತಕರಾರು.

ಆ ಚೀಲಕ್ಕೂ ಚೀಟಿ ಇರಲಿಲ್ಲ. ಕಟ್ಟಲು ಮರೆತಿರಬೇಕು ಎಂದುಕೊಂಡು ಅವರ ಹೆಸರು ಬರೆದೆ. ನಿಜವೆಂದರೆ, ಆ ಹೆಸರಿಗೆ ಬೀಳುವ ಚಪ್ಪಾಳೆ ಅಪ್ಪನ ಕಿವಿಗೆ ಬೀಳಲಿ ಎಂದು ನನಗೆ ಆಸೆಯಿತ್ತು.

ಓದಿದೆ. ಚಪ್ಪಾಳೆ ಬಿತ್ತು. ಅಪ್ಪನೂ ತಟ್ಟಿದರು. ದಾನಿಯೇಲರು ಮಾತ್ರ ಎದ್ದು ನಿಂತರು.

"ಅದು ನಂದಲ್ರಿ. ಒಬ್ರು ನನ್ನ ಕೈಯಾಗ ಕೊಟ್ಟು ಕಳಿಸ್ಯಾರ. ಹೆಸರು ಹೇಳಬ್ಯಾಡ ಅಂದಾರ."

"ಮತ್ತ ನಿಮ್ಮದೇನು?" ಅಪ್ಪ ಕೇಳಿದರು.

"ನಂದು ದೇವರಿಗೆ ಗೊತ್ತೈತ್ರಿ."

ಹಿಂದಿನ ಸಾಲಿನಲ್ಲಿ ನಗು ಎದ್ದಿತು. "ಮಂದಿ ಚೀಲಕ್ಕ ತನ್ನ ಹೆಸರು ಬರಸ್ಯಾನ, ಈಗ ಅಂಜ್ಯಾನ," ಎಂದು ಮುದುಕಿ ಶೆಟ್ಟೆವ್ವ ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದಳು. ಅಪ್ಪನ ಮುಖ ಬಿಗಿಯಿತು. ಆ ಮುಖದಲ್ಲೇ ನಮ್ಮ ಮದುವೆಯ ಉತ್ತರ ಕಂಡಿತು.

ದಾನಿಯೇಲರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ತಪ್ಪು ಯಾರದೆಂದು ಜನರಿಗೆ ತಿಳಿಯುತ್ತಿತ್ತು.

ನಾನು ಸುಮ್ಮನಿದ್ದರೆ ಸಾಕಿತ್ತು. ಹುಟ್ಟಿದಾಗಿನಿಂದ ಜನ ಏನಂದಾರು ಎಂದು ಲೆಕ್ಕ ಹಾಕಿ ಬಾಯಿ ತೆರೆದವಳು ನಾನು. ಗಟ್ಟಿಯಾಗಿ ಪ್ರಾರ್ಥನೆ ಮಾಡುವ ಸರದಿ ಬಂದಾಗಲೂ ಪಕ್ಕದ ಬೆಂಚಿನವರು ಮೆಚ್ಚುವ ಶಬ್ದಗಳನ್ನೇ ಆರಿಸುತ್ತಿದ್ದೆ. ಅಂದು ಮೊದಲ ಸಲ, ಇಲ್ಲಿ ಕೇಳುವವನು ಒಬ್ಬನೇ ಎಂದುಕೊಂಡು ಎದ್ದೆ.

"ಅವರು ಬರಸಿಲ್ರಿ. ಚೀಟಿ ಇರಲಿಲ್ಲ. ನಾನ ಬರದೇನಿ."

"ಅದು ಅವರದಂತ ನಿನಗ ಹೆಂಗ ಗೊತ್ತಾತು?"

"ಹೊತ್ತು ತರೂದು ನೋಡಿದೆ, ಅಪ್ಪಾ." ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಅದು ಅರ್ಧ ಸತ್ಯ. "ಅವರು ಬರೂ ರವಿವಾರ ನಾನು ಕಿಟಕಿ ಕಡೆನ ಕುಂಡರ್ತೇನಿ. ಬಸ್ ಇಳಿದಾಗಿಂದ ನೋಡ್ತೇನಿ. ಅವರಿಗೆ ಚಪ್ಪಾಳಿ ಬೀಳ್ಲಿ ಅಂತ ಬರದೆ."

ಯಾರೂ ತಟ್ಟಲಿಲ್ಲ. ಶೆಟ್ಟೆವ್ವನ ಬಾಯಿ ತೆರೆದಂತೆಯೇ ಉಳಿಯಿತು. ನನ್ನ ಎದೆ ಮಾತ್ರ ಹಗುರವಾಗಿತ್ತು.

ಅಪ್ಪ ಬಂದು ನನ್ನ ಕೈಯಿಂದ ಪಟ್ಟಿ ತೆಗೆದುಕೊಂಡರು. "ದೇವರಿಗೆ ಗೊತ್ತಿದ್ರ ಸಾಕು," ಎಂದು ತಮ್ಮಷ್ಟಕ್ಕೇ ಅಂದರು. ಓದದೆ ಉಳಿದ ಹೆಸರುಗಳಿನ್ನೂ ಅರ್ಧ ಪುಟವಿದ್ದವು. ಅದನ್ನು ಮಡಚಿ ಜೇಬಿಗಿಟ್ಟುಕೊಂಡು, ಇನ್ನು ಪ್ರಾರ್ಥನೆ ಮಾಡೋಣ ಎಂದರು.

ಆರಾಧನೆ ಮುಗಿದ ಮೇಲೆ ದಾನಿಯೇಲರು ಹೊರಗೆ ಬೇವಿನ ನೆರಳಿನಲ್ಲಿ ನಿಂತಿದ್ದರು. ಕಣ್ಣಿನ ಅಂಚಿನಲ್ಲಿ ಆ ತಡೆದ ನಗು ಮತ್ತೆ ಬಂದಿತ್ತು.

"ಪಟ್ಟಿ ಅಂತೂ ಹೋತು. ಇನ್ನ ನನ್ನ ಹೆಸರು ಎಲ್ಲಿ ಬರೀತೀರಿ, ಟೀಚರ್?"

ಅಷ್ಟರಲ್ಲಿ ಹಿಂದಿನಿಂದ ಅಪ್ಪ ಬಂದರು. ನಿಲ್ಲದೆ ನಡೆಯುತ್ತಲೇ ಹೇಳಿದರು: "ಬರೂ ರವಿವಾರ ನಿಮ್ಮ ಮಾವನ್ನ ಕರಕೊಂಡು ಬರ್ರಿ."

ಮದುವೆಯಾಗಿ ಇಷ್ಟು ವರ್ಷವಾದರೂ ಆ ಚೀಲ ಯಾರದೆಂದು ದಾನಿಯೇಲರು ನನಗೆ ಹೇಳಿಲ್ಲ. ನಾನೂ ಕೇಳಿಲ್ಲ. ಸುಗ್ಗಿ ಬಂದಾಗ ಅವರು ಚೀಲದ ಬಾಯಿ ಕೂಡಿಸಿ ಹಿಡಿಯುತ್ತಾರೆ, ನಾನು ಚೀಟಿ ಇಡದೆ ಹೊಲಿಯುತ್ತೇನೆ.