ನೀರಿಗೆ ಸೋಡಾ

ಇದು ನಡೆದ ಕತೆ. ಸಾಕ್ಷಿ ಕೇಳುವವರಿಗೆ ಒಂದು ಬಿಲ್ಲೆ ಸೋಪು ತೋರಿಸಬಹುದಿತ್ತು. ಆದರೆ ಸೋಪಿನ ಹಣೆಬರಹವೇ ಅಂಥದು, ನಾಲ್ಕು ಜನ ಕೈಗೆ ತೆಗೆದುಕೊಂಡು ನೋಡುವಷ್ಟರಲ್ಲಿ ಸಾಕ್ಷಿ ಸವೆದುಹೋಗುತ್ತದೆ. ಹಾಗಾಗಿ ಹೇಳುವವರ ಮಾತನ್ನೇ ನಂಬಬೇಕು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮುಂಚೆ ಹುಣಸೂರಿನಲ್ಲಿ ಬೆಟ್ಟಸ್ವಾಮಿ ಎಂಬ ಇಪ್ಪತ್ತಮೂರರ ಯುವಕನಿದ್ದ. ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಓದಿ, ಕೆಮಿಸ್ಟ್ರಿಯೊಂದನ್ನು ಅಲ್ಲೇ ಉಳಿಸಿ, ಊರಿಗೆ ವಾಪಸಾಗಿ ಗದ್ದೆ ನೋಡಿಕೊಳ್ಳುತ್ತಿದ್ದ. ನೋಡಿಕೊಳ್ಳುತ್ತಿದ್ದ ಎಂದರೆ, ಬದುವಿನ ಮೇಲೆ ಕೂತು ನೋಡುತ್ತಿದ್ದ. ಅವನ ನಿಜವಾದ ಬೇಸಾಯ ಬೇರೆಯವರ ಸ್ವರದ್ದು. ಅಮಲ್ದಾರರ ಕೆಮ್ಮು, ಕೋಟೆ ಬಸ್ಸಿನ ಏಜೆಂಟನ ಕೂಗು, ಹೆಣ್ಣುಮಕ್ಕಳ ಸ್ಕೂಲಿನ ಸುಂದ್ರಮ್ಮ ಮೇಡಂ ಮಗ್ಗಿ ಹೇಳಿಕೊಡುವ ಜೇನಿನಂಥ ರಾಗ, ಯಾವುದನ್ನು ಬೇಕಾದರೂ ಗಂಟಲಿನಿಂದ ತೆಗೆದು ಎದುರಿಗಿಡುತ್ತಿದ್ದ. ಮುಖ ತಿರುಗಿಸಿ ಕೂತರೆ ಅವರೇ ಬಂದರೇನೋ ಎಂದು ಜನ ಎದ್ದು ನಿಲ್ಲುತ್ತಿದ್ದರು.

ಒಂದು ಬೆಳಿಗ್ಗೆ ಫಕ್ರುದ್ದೀನ್ ಸಾಬರ ಎಣ್ಣೆ ಅಂಗಡಿಯಲ್ಲಿ ಬೀದಿಗೆ ಬೆನ್ನು ಹಾಕಿ ನಿಂತಿದ್ದ. ಹಿಂದಿನಿಂದ ಒಂದು ಸ್ವರ ಬಂತು. ದಪ್ಪ, ಒರಟು, ಒರಳುಕಲ್ಲನ್ನು ಅಂಗಳದಲ್ಲಿ ಎಳೆದಂತೆ.

"ಎರಡು ಸೇರು ಕೊಬ್ರಿ ಎಣ್ಣೆ, ಅರ್ಧ ಸೇರು ಹರಳೆಣ್ಣೆ."

ಗಾಡಿ ಹೊಡೆಯುವ ಗೆಳೆಯ ಸಿದ್ದಯ್ಯನದೇ ಗಂಟಲು, ಅದೂ ಶೀತ ಹಿಡಿದ ಗಂಟಲು ಎಂದುಕೊಂಡ ಬೆಟ್ಟಸ್ವಾಮಿ ತಿರುಗದೆಯೇ ಹೇಳಿದ: "ಏನ್ಲಾ ಸಿದ್ದಯ್ಯ, ಅಷ್ಟೊಂದು ಎಣ್ಣೆ ಗಾಡಿ ಕೀಲಿಗಾ? ಗಂಟ್ಲಿಗೂ ಒಸಿ ಸವುರ್ಕೊ ಕಣ್ಲಾ."

ತಿರುಗಿ ನೋಡಿದರೆ ಹಿತ್ತಾಳೆ ತಪ್ಪಲೆ ಹಿಡಿದ ಒಂದು ಹುಡುಗಿ. ಸೇರಿನ ತಳ ನಗ್ಗಿದೆಯೋ ಇಲ್ಲವೋ ಎಂದು ಪರೀಕ್ಷಿಸುವ ಕಣ್ಣಿನಲ್ಲಿ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ನಗ್ಗಿದೆ ಎಂಬ ತೀರ್ಮಾನಕ್ಕೆ ಬಂದವಳಂತೆ ಮುಖ ತಿರುಗಿಸಿ, ಎಣ್ಣೆ ತುಂಬಿಸಿಕೊಂಡು ಹೊರಟುಹೋದಳು.

"ಸ್ವಾಮಿ, ನಿಮ್ಮ ಬಾಯಿಗೊಂದು ಬೂಚು ಕೊಡ್ಲಾ?" ಎಂದರು ಫಕ್ರುದ್ದೀನ್ ಸಾಬರು. "ಆಕೆ ಹಿಂದಿನ ಬೀದಿ ಕರಿಯಪ್ನೋರ ಮಗಳು ಸುನಂದಾ. ಹುಟ್ಟಿದಾಗಿಂದ ಸ್ವರ ಹಂಗೇನೇ. ಮನೇಲಿ ಸೋಪು ಮಾಡ್ತಾರೆ. ನಮ್ಮ ಮನೆಯವ್ರು ರಹೀಮುನ್ನೀಸಾ ಅದು ಬಿಟ್ರೆ ಬೇರೇದು ಕೈಯಲ್ಲೇ ಹಿಡಿಯಲ್ಲ."

"ಮಾರ್ತಾರಾ?"

"ಮಾರಲ್ಲ. ಶೋಕಿಗೆ ಮಾಡೋದು. ಹಿಡಿಸಿದೋರಿಗೆ ಕೊಡ್ತಾರೆ. ನಿಮಗೆ ಸಿಗಲ್ಲ, ಬಿಡಿ."

ಬೆಟ್ಟಸ್ವಾಮಿಗೆ ಆ ದಿನ ಊಟ ಸೇರಲಿಲ್ಲ. ಊರನ್ನೆಲ್ಲ ನಗಿಸಿದವನು ಮೊದಲ ಸಲ ಒಬ್ಬರ ಬಾಯಿ ಮುಚ್ಚಿಸಿದ್ದ.

ಮಾರನೆಯ ದಿನ ಕರಿಯಪ್ಪನ ಮನೆ ಬಾಗಿಲಲ್ಲಿ ನಿಂತಿದ್ದ. ಎರಡೂ ಮನೆಯವರ ಗದ್ದೆ ಹನಗೋಡು ನಾಲೆಯ ಕೆಳಗೆ ಒಂದೇ ಬದುವಿನಲ್ಲಿದ್ದುದರಿಂದ ನೆಪಕ್ಕೆ ಬರವಿರಲಿಲ್ಲ. ಮೈಸೂರಿಗೆ ಹೋಗಿಬರುತ್ತಿರುತ್ತೇನೆ, ಸೋಪಿಗೆ ಬೇಕಾದ ಕಾಸ್ಟಿಕ್ ಸೋಡಾ ತಂದುಕೊಡುತ್ತೇನೆ ಎಂದ. ಕೆಮಿಸ್ಟ್ರಿ ಓದಿದ್ದೇನೆ ಎಂದೂ ಸೇರಿಸಿದ. ಪಾಸಾದೆ ಎನ್ನಲಿಲ್ಲ, ಆದ್ದರಿಂದ ಸುಳ್ಳೇನೂ ಆಗಲಿಲ್ಲ.

ಹಿತ್ತಿಲಲ್ಲಿ ಬಚ್ಚಲುಮನೆಯ ಗೋಡೆ ಪಕ್ಕ ಸುನಂದಾ ಎನಾಮಲ್ ಬೋಗುಣಿ, ಮರದ ಸೌಟು, ಒದ್ದೆ ಬಟ್ಟೆ ಹಾಸಿದ ಮರದ ಅಚ್ಚು ಜೋಡಿಸಿಕೊಂಡಿದ್ದಳು. ಸ್ಕೂಲಿನಲ್ಲಿದ್ದಾಗ ಕೈಗಾರಿಕಾ ಇಲಾಖೆಯವರೊಬ್ಬರು ಬಂದು ಮಾಡಿ ತೋರಿಸಿದ್ದನ್ನು ಒಮ್ಮೆ ನೋಡಿ ಕಲಿತವಳು. ತಾಯಿ ತಿಮ್ಮಮ್ಮ ಅಡಿಗೆಮನೆ ಬಾಗಿಲಲ್ಲಿ ಸೊಪ್ಪು ಸೋಸುತ್ತ ಕೂತಿದ್ದಳು.

"ನೀವು ಕೂತ್ಕೊಳಿ, ನಾನು ಕಲಸಿಕೊಡ್ತೀನಿ," ಎಂದ ಬೆಟ್ಟಸ್ವಾಮಿ, ಬೋಗುಣಿಗೆ ಸೋಡಾ ಹಾಕಿ ಅದರ ಮೇಲೆ ಚೊಂಬಿನಿಂದ ನೀರು ಸುರಿದ.

ಬೋಗುಣಿ ಬುಸುಗುಟ್ಟಿತು. ಹೊಗೆ ಎದ್ದಿತು. ಕಾವಲಿಯ ಮೇಲೆ ಸಾಸಿವೆ ಸಿಡಿದಂತೆ ನೀರು ಸಿಡಿಯುವಷ್ಟರಲ್ಲಿ ಸುನಂದಾ ಅವನ ಷರ್ಟಿನ ಕಾಲರು ಹಿಡಿದು ಎಳೆದಳು. ಎಳೆದ ರಭಸಕ್ಕೆ ಅವನು ಬಾಳೆಗಿಡದ ಬುಡದಲ್ಲಿ ಕೂತ.

ಬೈಯಲು ಅವಳ ಬಾಯಿ ತೆರೆಯಿತು. ಅವನನ್ನು ನೋಡಿ ಹಾಗೇ ಮುಚ್ಚಿಕೊಂಡಿತು. ಒಲೆಯಿಂದ ಒಂದು ಇದ್ದಿಲು ತಂದು ಗೋಡೆಯ ಮೇಲೆ ಬರೆದಳು: ನೀರಿಗೆ ಸೋಡಾ. ಸೋಡಾಕ್ಕೆ ನೀರಲ್ಲ. ಕೆಳಗೆ ಎರಡು ಗೆರೆ ಎಳೆದಳು.

ಎರಡನೆಯ ಗೆರೆ ತನ್ನ ಮೂಗಿನ ಮೇಲೆ ಬಿದ್ದಂತೆ ಅವನಿಗೆ ಅನಿಸಿತು.

ಆಮೇಲಿನ ಪಾಠವೆಲ್ಲ ಕೈಸನ್ನೆಯಲ್ಲೇ ನಡೆಯಿತು. ಸೋಡಾನೀರು ತಣಿಯಬೇಕು. ಎಣ್ಣೆ ಉಗುರುಬೆಚ್ಚಗಿರಬೇಕು. ನೀರನ್ನು ಸಣ್ಣ ಧಾರೆಯಾಗಿ ಎಣ್ಣೆಗೆ ಬಿಡುತ್ತ ಒಂದೇ ದಿಕ್ಕಿಗೆ ತಿರುಗಿಸಬೇಕು, ದೋಸೆಹಿಟ್ಟಿನ ಹದ ಬರುವ ತನಕ. ಅಚ್ಚಿಗೆ ಸುರಿದದ್ದನ್ನು ಮಾರನೆಯ ದಿನ ದಾರದಿಂದ ಕುಯ್ಯಬೇಕು. ಆಮೇಲೆ ಅಟ್ಟದ ಮೇಲೆ ಆರು ವಾರ. ಅಷ್ಟು ದಿನ ಮಾಗದಿದ್ದರೆ ಸೋಪು ಕೊಳೆಯ ಜೊತೆ ಚರ್ಮವನ್ನೂ ತೊಳೆಯುತ್ತದೆ.

ವಾರಕ್ಕೆರಡು ಸಲ ಬೆಟ್ಟಸ್ವಾಮಿ ಸೌಟು ತಿರುಗಿಸಲು ಬರುತ್ತಿದ್ದ. ಅವಳು ಮಾತಾಡುತ್ತಿರಲಿಲ್ಲ. ಆ ಖಾಲಿ ಜಾಗಕ್ಕೆಲ್ಲ ಅವನು ಊರನ್ನೇ ಕರೆತಂದು ತುಂಬಿಸುತ್ತಿದ್ದ. ಅಮಲ್ದಾರರು ಬಂದು ಸೋಪಿಗೆ ಕಂದಾಯ ಕೇಳುತ್ತಿದ್ದರು. ಸುಂದ್ರಮ್ಮ ಮೇಡಂ ಬಿಲ್ಲೆಗಳನ್ನು ಸಾಲಾಗಿ ನಿಲ್ಲಿಸಿ ಮಗ್ಗಿ ಹೇಳಿಸುತ್ತಿದ್ದರು. ಸುನಂದಾ ಸೆರಗು ಕಚ್ಚಿಕೊಂಡು ನಗು ತಡೆಯುತ್ತಿದ್ದಳು, ಆದರೆ ಭುಜಗಳು ಮಾತು ಕೇಳುತ್ತಿರಲಿಲ್ಲ.

ಒಮ್ಮೆ ಫಕ್ರುದ್ದೀನ್ ಸಾಬರು ಎಣ್ಣೆ ಅಳೆಯುವುದನ್ನು ಮಾಡಿ ತೋರಿಸುವಾಗ ಅವಳು ತಡೆಯಲಾರದೆ ಗೋಡೆಗೆ ಹಣೆ ಒತ್ತಿ ನಿಂತಳು. ತಿರುಗಿದಾಗ ಹಣೆಯ ಮೇಲೆ ಇದ್ದಿಲಿನ 'ನೀ' ಅಕ್ಷರ ಉಲ್ಟಾ ಮೂಡಿತ್ತು. ಬೆಟ್ಟಸ್ವಾಮಿ ತನ್ನ ಹಣೆ ಮುಟ್ಟಿ ತೋರಿಸಿದ. ಅವಳು ಮುಂಗೈಯಿಂದ ಒರೆಸಿಕೊಂಡಳು, ಅಕ್ಷರ ಹುಬ್ಬಿನ ತನಕ ಹರಡಿತು. ಒರೆಸಿಬಿಡೋಣವೆಂದು ಅವನ ಕೈ ಎದ್ದಿತು. ತಿಮ್ಮಮ್ಮ ಅಡಿಗೆಮನೆ ಬಾಗಿಲಲ್ಲೇ ಇದ್ದುದರಿಂದ ಹಾಗೇ ಹೋಗಿ ಸೌಟು ಹಿಡಿಯಿತು.

ಮೂರನೆಯ ವಾರ ಅವಳು ಅಟ್ಟದಿಂದ ಒಂದು ಬಿಲ್ಲೆ ತಂದು, ಮೂಲೆ ಮುರಿದು, ನಾಲಿಗೆಯ ತುದಿಗೆ ಮುಟ್ಟಿಸಿ ಮುಖ ಸಿಂಡರಿಸಿದಳು. ಅವನ ಕೈಗೂ ಒಂದು ಚೂರು ಬಂತು. ಮುಟ್ಟಿಸಿದ. ಚುರುಕ್ ಎಂದಿತು. ಅವಳು ಮೂರು ಬೆರಳು ತೋರಿಸಿದಳು. ಇನ್ನೂ ಮೂರು ವಾರ.

"ಅವತ್ತು ಅಂಗಡೀಲಿ ಅಂದಿದ್ದು ತಪ್ಪಾಯ್ತು," ಎಂದ ಬೆಟ್ಟಸ್ವಾಮಿ. ಅದು ಅವನದೇ ಸ್ವರ. ತೀರ ಅಭ್ಯಾಸ ತಪ್ಪಿದ್ದರಿಂದ ಸ್ವಲ್ಪ ಒಡೆಯಿತು. "ಒಂದ್ಸಲ ಬಾಯ್ತುಂಬ ಬೈದುಬಿಡಿ. ನಿಮ್ಮ ಸ್ವರದಲ್ಲೇ."

ಅವಳು ದಾರ ಹಿಡಿದು ಹೊಸ ಸೋಪು ಕುಯ್ಯುತ್ತಿದ್ದಳು. ಬೈಯಲಿಲ್ಲ. ಆದರೆ ಬಿಲ್ಲೆಗಳೆಲ್ಲ ಒಂದೇ ಅಳತೆಗಿರುವಲ್ಲಿ, ಅವನ ಕಡೆ ತಳ್ಳಿದ ಬಿಲ್ಲೆ ಮಾತ್ರ ಅರ್ಧ ಬೆರಳು ದಪ್ಪಗಿತ್ತು.

ಐದನೆಯ ವಾರ ತಿಮ್ಮಮ್ಮ ಅವನನ್ನು ಜಗುಲಿಯ ಮೂಲೆಗೆ ಕರೆದಳು. ಅಂತರಸಂತೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಫಾರೆಸ್ಟ್ ಕಂಟ್ರಾಕ್ಟರನ ಹತ್ತಿರ ಲೆಕ್ಕ ಬರೆಯುವ ರೈಟರು.

"ಹಿಂದೆ ಎರಡು ಕಡೆಯೋರು ಬಂದ್ರು ಕಣಪ್ಪ. ಹೆಸರು ಕೇಳಿದ್ರು, ಇವಳು ಹೇಳಿದ್ಲು, ಎದ್ದು ಹೋದ್ರು. ಇವರಿಗೆ ಮಾತು ಕಮ್ಮಿ ಇರೋ ಎಣ್ಣು ಬೇಕಂತೆ. ನಮ್ಮ ಸುನಂದಿ ಈಗೀಗ ಹೊರಗಡೆ ತುಟೀನೇ ಬಿಚ್ಚಲ್ಲ, ಅದು ಒಳ್ಳೇದೇ ಆಯ್ತು. ಬಂದ ದಿನ ನಾಕು ಮಾತು ಕೇಳೇ ಕೇಳ್ತಾರೆ. ನೀನು ಬಾಗಿಲ ಹಿಂದೆ ನಿಂತ್ಕೊಂಡು ಆ ಸ್ಕೂಲ್ ಅಮ್ಮನ ಸ್ವರದಲ್ಲಿ ಹೇಳ್ಬುಡಪ್ಪ. ಇವಳು ಸೆರಗು ಮರೆ ಮಾಡ್ಕೊಂಡು ಕೂತಿರ್ತಾಳೆ."

"ಮದುವೆ ಆದ್ಮೇಲೆ ಏನ್ ಮಾಡ್ತಾರಮ್ಮ?"

"ಆಮೇಲೆ ಸುಮ್ಕಿರ್ತಾಳೆ. ಅಭ್ಯಾಸ ಆಯ್ತಲ್ಲ."

ಆ ಅಭ್ಯಾಸ ಮಾಡಿಸಿದವನು ತಾನೇ. ತಿಮ್ಮಮ್ಮನ ಕಣ್ಣು ತುಂಬಿತ್ತು. "ಆಗ್ಲಿ" ಎಂದುಬಿಟ್ಟ. ತಲೆ ಎತ್ತಿದರೆ ಸುನಂದಾ ಒಳಬಾಗಿಲಲ್ಲಿ ನಿಂತಿದ್ದಳು. ಗಂಟೆಗಟ್ಟಲೆ ತಿರುಗಿಸಿಯೂ ಹದಕ್ಕೆ ಬಾರದೆ ಒಡೆದುಹೋದ ಸೋಪನ್ನು ನೋಡುವ ಹಾಗೆ ಅವನನ್ನು ನೋಡಿ ಒಳಗೆ ಹೋದಳು. ಆ ವಾರ ಅವನು ಬಂದಾಗ ಹಿತ್ತಿಲಲ್ಲಿ ಯಾರೂ ಇರಲಿಲ್ಲ.

ಆರು ವಾರ ತುಂಬಿದ ದಿನವೇ ಅಂತರಸಂತೆಯವರು ಬಂದರು. ಹುಡುಗ, ಅವನ ಸೋದರತ್ತೆ ಚಿಕ್ಕಸಿದ್ದಮ್ಮ, ಇನ್ನಿಬ್ಬರು. ಕೈಕಾಲು ತೊಳೆಯಲು ಅಟ್ಟದಿಂದ ಇಳಿಸಿದ ಸೋಪೇ ಇಟ್ಟಿದ್ದರು. ಚಿಕ್ಕಸಿದ್ದಮ್ಮ ಒರೆಸಿಕೊಂಡ ಅಂಗೈಯನ್ನು ಮೂರು ಸಲ ಮೂಸಿ ನೋಡಿದಳು.

ಸುನಂದಾ ನಡುಮನೆಯ ಬಾಗಿಲಲ್ಲಿ ತಲೆ ತಗ್ಗಿಸಿ ಕೂತಳು. ಬಾಗಿಲ ಹಿಂದೆ ಬೆಟ್ಟಸ್ವಾಮಿ. ಅಲ್ಲಿಂದ ಅವನಿಗೆ ಅವಳ ಬೆನ್ನು, ಜಡೆ, ಜಡೆಯಲ್ಲೊಂದು ಕನಕಾಂಬರದ ದಂಡೆ, ಇಷ್ಟೇ ಕಾಣುತ್ತಿತ್ತು.

"ನಿನ್ನ ಎಸರೇನವ್ವ?" ಕೇಳಿದಳು ಚಿಕ್ಕಸಿದ್ದಮ್ಮ.

"ಸುನಂದಾ ಅಂತಾರೆ," ಎಂದಿತು ಬಾಗಿಲು, ಸುಂದ್ರಮ್ಮ ಮೇಡಂ ರಾಗದಲ್ಲಿ.

"ಏನ್ ಸ್ವರವ್ವ, ಕಿವಿಗೆ ಜೇನು ಬುಟ್ಟಂಗದೆ." ಹುಡುಗ ಕೂತಲ್ಲೇ ನೆಟ್ಟಗಾದ. ಎದುರಿಗಿದ್ದ ಬೆನ್ನು ಮಾತ್ರ ಒಂದು ಇಂಚು ಕುಗ್ಗಿತು.

"ಓದು ಎಲ್ಲೀಗಂಟ?" "ಲೋಯರ್ ಸೆಕೆಂಡರಿ." ಇನ್ನೊಂದು ಇಂಚು. ಹೀಗೇ ಅಂತರಸಂತೆಗೆ ಹೋಗಿ, ದಿನಕ್ಕೊಂದಿಂಚು ಕುಗ್ಗಿ, ಇವಳು ಯಾವ ಅಳತೆಗೆ ನಿಂತಾಳು ಎಂದು ಬೆಟ್ಟಸ್ವಾಮಿ ಲೆಕ್ಕ ಹಾಕಿದ. ಉಳಿಯುವಂಥದೇನೂ ಇರಲಿಲ್ಲ.

"ಈ ಸೋಪು ನೀನೇ ಮಾಡಿದ್ದಾ? ಎಂಗೆ ಮಾಡಾದು, ಒಸಿ ಏಳವ್ವ."

ಬಾಗಿಲು ಮೊದಲಿಗಿಂತ ಇಂಪಾಗಿ ಹೇಳಿತು: "ಮೊದಲು ಬೋಗುಣಿಗೆ ಕಾಸ್ಟಿಕ್ ಸೋಡಾ ಹಾಕ್ಬೇಕು. ಆಮೇಲೆ ಅದರ ಮೇಲೆ ನೀರು ಸುರೀಬೇಕು."

ಬೆನ್ನು ನೆಟ್ಟಗಾಯಿತು.

"ಬುಳಬುಳ ಅಂತ ಸುರೀಬೇಕು. ಚೊಂಬುಗಟ್ಟಲೆ."

ಕನಕಾಂಬರ ಅಲುಗಿತು.

"ಆಮೇಲೆ, ಸೌಟೇನೂ ಬೇಕಾಗಲ್ಲ, ಬರಿಗೈಯಲ್ಲೇ ಚೆನ್ನಾಗಿ ಕಲಸ್ಬೌದು."

"ನೀರಿಗೆ ಸೋಡಾ. ಸೋಡಾಕ್ಕೆ ನೀರಲ್ಲ. ಕೈ ಹಾಕಿದ್ರೆ ಕೈಯೇ ಇರಲ್ಲ."

ಗೋಡೆಯ ಗೂಡಿನಲ್ಲಿದ್ದ ಲೋಟ ಝಣ್ ಎಂದಿತು. ಜಗುಲಿಯ ಮೇಲಿದ್ದ ಕಾಗೆ ಹಾರಿತು. ಸುನಂದಾ ಎದ್ದು ನಿಂತಿದ್ದಳು, ಸೆರಗು ಹೆಗಲಿಗಿಳಿದಿತ್ತು.

ಚಿಕ್ಕಸಿದ್ದಮ್ಮ ಹುಡುಗಿಯನ್ನು ನೋಡಿದಳು, ಬಾಗಿಲನ್ನು ನೋಡಿದಳು. "ಕರಿಯಪ್ನೋರೇ, ನಿಮಗೆ ಎಣ್ಮಕ್ಳು ಎಷ್ಟು?"

"ಒಬ್ಳೇ ಕಣ್ರವ್ವ."

"ಮತ್ತೆ ಒಳಗೊಬ್ಳು ಅವ್ಳಲ್ಲ. ಅವಳನ್ನೂ ಕರೀರಿ. ಸ್ವರ ಚೆಂದಾಗದೆ, ನೋಡ್ಬುಡಾನ."

ಬೆಟ್ಟಸ್ವಾಮಿ ಹೊರಗೆ ಬಂದ. ಗಾಬರಿಗೆ ಗಂಟಲು ಬದಲಾಯಿಸುವುದು ಮರೆತು, ಸುಂದ್ರಮ್ಮ ಮೇಡಂ ಸ್ವರದಲ್ಲೇ "ನಮಸ್ಕಾರ" ಎಂದ.

ಚಿಕ್ಕಸಿದ್ದಮ್ಮ ಅವನನ್ನು ನಿಧಾನವಾಗಿ ಪರೀಕ್ಷಿಸಿದಳು. "ಮೀಸೆ ಒಂದು ಬುಟ್ರೆ ಲಕ್ಸಣವಾಗವ್ಳೆ."

ತಿಮ್ಮಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಇದರ ಗಂಧಗಾಳಿಯೂ ಇಲ್ಲದ ಕರಿಯಪ್ಪನ ಮುಖ ಕೆಂಪಾಯಿತು. "ಏನಯ್ಯಾ ಇದು ಬೆಟ್ಟಸ್ವಾಮಿ?"

"ಈ ತಾಲ್ಲೂಕಿನಲ್ಲಿ ನನಗೆ ಬಾರದೇ ಇರೋ ಸ್ವರ ಇದೊಂದೇ, ಮಾವ," ಎಂದ ಬೆಟ್ಟಸ್ವಾಮಿ. ಮತ್ತೆ ಅದೇ ಒಡಕಲು, ಅವನದೇ. "ಆರು ವಾರ ಕಾದೆ, ಒಂದು ಮಾತು ಸಿಗಲಿಲ್ಲ. ಅಂತರಸಂತೆಗೆ ಕಳಿಸಿಬಿಟ್ರೆ ಕಲಿಯೋದು ಯಾವಾಗ? ದಿನಾ ಕೇಳಬೇಕು. ನಮ್ಮನೇಲೇ ಇದ್ರೆ ಒಳ್ಳೇದು."

ಸುನಂದಾ ಒಳಗೆ ಹೋಗಿ ಒಂದು ಬಿಲ್ಲೆ ಸೋಪು ತಂದಳು. ಮೂಲೆ ಮುರಿದು ಅವನ ಕೈಗಿಟ್ಟಳು. ಅವನು ನಾಲಿಗೆಗೆ ಮುಟ್ಟಿಸಿದ.

"ಚುರುಕ್ ಅಂತಾ?"

"ಇಲ್ಲ."

"ಹಂಗಾದ್ರೆ ಆಯ್ತು."

ಇದರಲ್ಲೇನಾಯಿತೆಂದು ಕರಿಯಪ್ಪನಿಗೆ ತಿಳಿಯಲಿಲ್ಲ. ತಿಮ್ಮಮ್ಮನಿಗೆ ತಿಳಿಯಿತು, ಸೆರಗು ಮುಖದಿಂದ ಇಳಿಯಿತು. ಚಿಕ್ಕಸಿದ್ದಮ್ಮನಿಗೂ ತಿಳಿಯಿತು. "ನಮ್ಮುಡುಗಂಗೆ ಬಾಯಿಲ್ದ ಎಣ್ಣು ಬೇಕಿತ್ತು. ಇಲ್ಲಿ ಎರಡು ಬಾಯಿ ಒಂದನ್ನೊಂದು ಉಡುಕ್ತಾ ಅವೆ. ನಡೀರ್ಲಾ," ಎಂದು ಎದ್ದವಳು, ಎರಡು ಬಿಲ್ಲೆ ಸೋಪನ್ನು ಕೇಳಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಗಾಡಿ ಹತ್ತಿದಳು.

ಗಾಡಿ ತಿರುಗಿದ ಮೇಲೆ ಸುನಂದಾ ಕೇಳಿದಳು. "ಬೇಕಂತಲೇ ತಪ್ಪು ಹೇಳಿದ್ರಾ?"

"ಹೂಂ. ನೀವು ಸುಮ್ಮನಿದ್ದಿದ್ರೆ ತಿದ್ದಿ ಸರಿಯಾಗೇ ಮುಗಿಸ್ತಿದ್ದೆ. ಅದು ನಿಮ್ಮ ಕೈಲಿತ್ತು."

"ನಾನು ಸುಮ್ಮನಿರಲ್ಲ ಅಂತ ಗೊತ್ತಿತ್ತು."

"ಗೋಡೆ ಮೇಲೆ ಎರಡು ಗೆರೆ ಎಳೆದಿದ್ರಲ್ಲ."

"ಬರಿಗೈಯಲ್ಲಿ ಕಲಸೋದು ಅಂದ್ರಿ."

"ಅಂದೆ."

"ಚೊಂಬುಗಟ್ಟಲೆ."

"ಅಂದೆ."

ತನ್ನನ್ನು ಎಷ್ಟು ಸಲೀಸಾಗಿ ಬೇಸ್ತು ಬೀಳಿಸಿದ್ದಾನೆ ಎಂದು ಅವಳಿಗೆ ಆಗ ಪೂರ್ತಿ ಹೊಳೆಯಿತು. ಭುಜ ಅಲುಗಿತು. ಕೈ ಅಭ್ಯಾಸದಂತೆ ಸೆರಗಿಗೆ ಹೋಯಿತು, ಬಾಯಿಯ ತನಕ ತಂದಿತು, ಅಲ್ಲೇ ಬಿಟ್ಟಿತು. ಆರು ವಾರ ಅಟ್ಟದ ಮೇಲಿಟ್ಟಿದ್ದ ನಗು ಒಂದೇ ಸಲ ಇಳಿಯಿತು. ತಿಮ್ಮಮ್ಮ ನಕ್ಕಳು, ಬೆಟ್ಟಸ್ವಾಮಿ ನಕ್ಕ, ಕಡೆಗೆ ಕರಿಯಪ್ಪನೂ ನಕ್ಕ. ಆದರೆ ಆ ನಗು ಇವರೆಲ್ಲರ ನಗೆಯನ್ನು ದಾಟಿ, ಗೋಡೆ ದಾಟಿ, ಹಿಂದಿನ ಬೀದಿಯಿಂದ ಪೇಟೆಬೀದಿಗೆ ಬಂತು.

ಅಂಗಡಿಯಲ್ಲಿ ಎಣ್ಣೆ ಅಳೆಯುತ್ತ ಬಗ್ಗಿದ್ದ ಫಕ್ರುದ್ದೀನ್ ಸಾಬರು ತಲೆ ಎತ್ತದೆ ಕೇಳಿದರು: "ಏನು ಸಿದ್ದಯ್ಯ, ಅಷ್ಟು ಜೋರಾಗಿ ನಗ್ತಾ ಇದ್ದೀರಿ?"

ಗಾಡಿ ಕೀಲಿಗೆ ಎಣ್ಣೆ ಕೊಳ್ಳಲು ಬಂದು ಬಾಯಿ ಮುಚ್ಚಿಕೊಂಡು ನಿಂತಿದ್ದ ಸಿದ್ದಯ್ಯ, ತನ್ನ ಗಂಟಲನ್ನು ಒಮ್ಮೆ ಮುಟ್ಟಿ ನೋಡಿಕೊಂಡ.