ಸುಮಿತ್ರಮ್ಮನ ಪೋಸ್ಟರ್

"ನೀನೇನಾ ಗಾನವಿ? ನಮ್ಮಮ್ಮನ್ನ ಸಾಯಿಸಿದ್ದು ನೀನೇನಾ?"

ಬಾಗಿಲಲ್ಲಿ ನಿಂತಿದ್ದವನ ಕಣ್ಣು ಕೆಂಪಾಗಿತ್ತು. ತಲೆ ಮೇಲಿನ ಹೆಲ್ಮೆಟ್ ತೆಗೆಯುವಷ್ಟೂ ತಾಳ್ಮೆ ಅವನಿಗಿರಲಿಲ್ಲ!

ಅವನು ರಾಜಶೇಖರ್, ಸುಮಿತ್ರಮ್ಮನ ಒಬ್ಬನೇ ಮಗ. ಶೃಂಗೇರಿಯಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟಿದ್ದ. ಬೆಳಿಗ್ಗೆ ವಾಟ್ಸಾಪ್‌ನಲ್ಲಿ ತಾಯಿಯ ಫೋಟೊ ನೋಡಿ, ತನ್ನೂರು ಶೆಟ್ಟಿಕೊಪ್ಪದವರೆಗೂ ಅಳುತ್ತಾ ಬೈಕ್ ಓಡಿಸಿಕೊಂಡು ಬಂದಿದ್ದ. ಮನೆಯಲ್ಲಿ ನೋಡಿದರೆ ಅಮ್ಮ ಆರಾಮಾಗಿ ಉಪ್ಪಿನಕಾಯಿಗೆ ಸಾಸಿವೆ ಹುರಿಯುತ್ತಿದ್ದಾರೆ!

ತಪ್ಪು ಗಾನವಿಯದೇ. ಊರಿನ ಹೆಂಗಸರ ಸಂಘ ಮಿಡಿ ಉಪ್ಪಿನಕಾಯಿ ಮಾರಲು ಫೇಸ್‌ಬುಕ್ ಪೇಜ್ ಶುರುಮಾಡಿತ್ತು. ಓದಿದ ಹುಡುಗಿ ಅಂತ ಪೋಸ್ಟರ್ ಮಾಡುವ ಕೆಲಸ ಅವಳ ತಲೆಗೆ ಕಟ್ಟಿದ್ದರು. ಡಿಸೈನ್ ಅಂದರೇನು ಅಂತ ಅವಳಿಗೆಲ್ಲಿ ಗೊತ್ತು? ಆ್ಯಪ್‌ನಲ್ಲಿ ಪುಕ್ಕಟೆ ಸಿಕ್ಕಿದ ಫ್ರೇಮುಗಳಲ್ಲಿ ಚಂದ ಕಂಡದ್ದನ್ನು ಆರಿಸಿದಳು. ಸುತ್ತ ಮಲ್ಲಿಗೆ ಹಾರ, ಎರಡೂ ಕಡೆ ದೀಪ. ಗಂಭೀರವಾಗಿರಲಿ ಅಂತ ಫೋಟೊ ಕಪ್ಪು ಬಿಳುಪು ಮಾಡಿದಳು. ಕೆಳಗೆ ಬರೆದಳು, 'ನಮ್ಮ ಸುಮಿತ್ರಮ್ಮ. ಇವರ ಕೈರುಚಿ ಎಂದೆಂದಿಗೂ ಮರೆಯೆವು.'

ಪೇಜಿಗೆ ಹಾಕಿದ್ದೇ ತಡ, ಪೋಸ್ಟರ್ ವಾಟ್ಸಾಪ್‌ನಲ್ಲೆಲ್ಲ ಹರಿದಾಡಿತು. ಮಧ್ಯಾಹ್ನದೊಳಗೆ ನರಸಿಂಹರಾಜಪುರದ ನೆಂಟರು ಕಾರು ಮಾಡಿಕೊಂಡು, ಹೂವಿನ ಹಾರ ಹಿಡಿದು ಬಂದಿಳಿದರು!

"ನಾನು ಬೇಕು ಅಂತ ಮಾಡಿಲ್ಲ..." ರಾಜಶೇಖರನ ಎದುರು ನಿಂತಿದ್ದ ಗಾನವಿಗೆ ಅಳು ತಡೆಯಲಾಗಲಿಲ್ಲ.

"ಕೈಯಲ್ಲಿ ಫೋನ್ ಇದ್ದ ಮಾತ್ರಕ್ಕೆ ಎಲ್ಲರೂ ಪೋಸ್ಟರ್ ಮಾಡಕ್ಕಾಗಲ್ಲ!"

ಹಿಂದೆಯೇ ಏದುಸಿರು ಬಿಡುತ್ತಾ ಬಂದ ಸುಮಿತ್ರಮ್ಮ ಮಗನ ಬೆನ್ನಿಗೊಂದು ಗುದ್ದಿದರು. "ಸುಮ್ನಿರೋ ಮಾರಾಯ! ಅದರಲ್ಲಿ ನಾನು ಎಷ್ಟು ಚಂದ ಕಾಣ್ತೀನಿ ನೋಡು!"

ಆಮೇಲೆ ರಾಜಶೇಖರ್ ಭಾನುವಾರ ಭಾನುವಾರ ಊರಿಗೆ ಬರತೊಡಗಿದ. ನೆಪಕ್ಕೆ ಅಮ್ಮ, ಕಣ್ಣೆಲ್ಲ ಗಾನವಿಯ ಮೇಲೆ.

"ಒಂದು ಪೋಸ್ಟರಿಗೆ ಏಳು ಬಣ್ಣ ಯಾಕೆ ಮಾರಾಯ್ತಿ? ಉಪ್ಪಿನಕಾಯಿ ಎಲ್ಲಿದೆ ಅಂತ ಹುಡುಕಬೇಕು!"

ಅವನು ನಗುತ್ತಿದ್ದ, ಅವಳು ಮುಖ ಊದಿಸುತ್ತಿದ್ದಳು. ಆದರೂ ಬಣ್ಣ ಎರಡಕ್ಕಿಳಿಯಿತು, ಅಕ್ಷರ ದೊಡ್ಡದಾಯಿತು. ಭಾನುವಾರ ಯಾವಾಗ ಬರುತ್ತದೋ ಅಂತ ಅವಳ ಮನಸ್ಸು ಕಾಯುವುದನ್ನೂ ಕಲಿಯಿತು.

ಆರನೇ ತಿಂಗಳಿಗೆ ಸುಮಿತ್ರಮ್ಮ ನಿಜವಾಗಿಯೂ ಹೋಗಿಬಿಟ್ಟರು. ಹೃದಯಾಘಾತ.

ಹೆಣದ ಮುಂದೆ ಕೂತಿದ್ದ ರಾಜಶೇಖರನ ಚಿಕ್ಕಮ್ಮ ಗಾನವಿಯನ್ನು ಕಂಡದ್ದೇ ಅಂದರು, "ಇವಳೇ! ಬದುಕಿದ್ದವಳಿಗೆ ಹಾರ ಹಾಕಿದ್ಲಲ್ಲ... ಈಗ ಸಮಾಧಾನ ಆಯ್ತಾ?"

ಗಾನವಿ ರಾಜಶೇಖರನ ಕಡೆ ನೋಡಿದಳು. ಒಂದೇ ಒಂದು ಮಾತು ಆಡು... ಹಾಗಲ್ಲ ಅನ್ನು...

ಅವನು ತಲೆ ತಗ್ಗಿಸಿ ಕೂತಿದ್ದ.

ಅವಳು ಮನೆಗೆ ಬಂದು ಪೇಜ್ ಮುಚ್ಚಿದಳು, ಫೋನಿನಿಂದ ಆ್ಯಪ್ ತೆಗೆದುಹಾಕಿದಳು. ಅವನ ಕರೆಗಳನ್ನು ಎತ್ತಲೇ ಇಲ್ಲ.

ಒಂಬತ್ತನೇ ದಿನ ಅವನು ಅದೇ ಬಾಗಿಲಲ್ಲಿ ನಿಂತಿದ್ದ.

"ಯಾಕೆ ಬಂದ್ರಿ? ಇನ್ಯಾರನ್ನ ಸಾಯಿಸ್ಬೇಕು ನಾನು?"

"ನಾಡಿದ್ದು ಅಮ್ಮನ ಹನ್ನೊಂದನೇ ದಿನ, ಶಿವಗಣಾರಾಧನೆ. ಶ್ರದ್ಧಾಂಜಲಿ ಪೋಸ್ಟರ್ ಆಗ್ಬೇಕು. ಕೊಪ್ಪ ಪೇಟೇಲಿ ಒಂದು ಮಾಡಿಸಿದೆ... ಅದರಲ್ಲಿ ಇರೋದು ನಮ್ಮಮ್ಮ ಅಂತ ಅನ್ನಿಸ್ತಿಲ್ಲ." ಅವನು ತಾಯಿಯ ಫೋನ್ ತೆರೆದು ತೋರಿಸಿದ. ಪರದೆಯ ಮೇಲೆ ಅದೇ ಮಲ್ಲಿಗೆ ಹಾರ, ಅದೇ ದೀಪಗಳು. "ಆವತ್ತಿಂದ ಅಮ್ಮ ಇದನ್ನ ಅಳಿಸಲೇ ಇಲ್ಲ. ಬಂದವರಿಗೆಲ್ಲ ತೋರಿಸ್ತಿದ್ರು. 'ನಾನು ಹೋದಾಗ ಗಾನವಿ ಕೈಲೇ ಮಾಡಿಸು' ಅಂದಿದ್ರು."

ಗಾನವಿ ಪರದೆಯ ಮೇಲಿನ ಆ ಹಾರವನ್ನು ಬೆರಳಿನಿಂದ ಸವರಿದಳು. ಆದರೂ ಕೇಳದೇ ಇರಲಾಗಲಿಲ್ಲ.

"ಚಿಕ್ಕಮ್ಮ ಅಂದಾಗ ಸುಮ್ನೆ ಕೂತ್ರಿ. ನೀವೂ ಹಾಗೇ ಅಂದ್ಕೊಂಡ್ರಾ?"

ಅವನು ಬಾಗಿಲ ಪಕ್ಕದ ಜಗಲಿಯ ಮೇಲೆ ಕೂತ.

"ಒಂದು ಗಳಿಗೆ... ಹೌದು. ಸುಳ್ಳು ಹೇಳಲ್ಲ. ಆಮೇಲೆ ನನ್ನ ಮೇಲೇ ಹೇಸಿಗೆ ಆಯ್ತು, ಗಾನವಿ."

ಅಯ್ಯೋ, ಇಲ್ಲ ಅಂದಿದ್ದರೆ ಎಷ್ಟು ಸುಲಭವಾಗಿತ್ತು!

ಅವಳು ಕಣ್ಣೊರೆಸಿಕೊಂಡು ಆ್ಯಪ್ ಮತ್ತೆ ಹಾಕಿಕೊಂಡಳು. ಅದೇ ಫೋಟೊ. ಈ ಸಲ ಬಣ್ಣದಲ್ಲೇ ಬಿಟ್ಟಳು, ಸುಮಿತ್ರಮ್ಮನ ಹಣೆಯ ವಿಭೂತಿ, ಹಸಿರು ಸೀರೆ ಎರಡೂ ಕಾಣುವಂತೆ. 'ಇವರ ಕೈರುಚಿ ಎಂದೆಂದಿಗೂ ಮರೆಯೆವು' ಅಂತ ಮತ್ತೆ ಬರೆದಳು.

"ಕೆಳಗೆ ದುಃಖತಪ್ತರು ಅಂತ ಯಾರ ಹೆಸರು ಹಾಕ್ಲಿ?"

"ಮಗ ರಾಜಶೇಖರ್..." ಅವನ ದನಿ ಬಿದ್ದುಹೋಯಿತು. "ಪಕ್ಕದಲ್ಲಿ ಸೊಸೆ ಗಾನವಿ ಅಂತ. ಅಮ್ಮ ಇದ್ದಾಗಲೇ ಕೇಳ್ಬೇಕಿತ್ತು. ಇವತ್ತು ನಾಳೆ ಅಂತ ಹೇಡಿ ಹಾಗೆ ಕೂತೆ. ನಂಗೆ ನೀನು ಬೇಕು, ಗಾನವಿ."

ಇದನ್ನು ಕೇಳಲು ಎಷ್ಟು ಭಾನುವಾರ ಕಾದಿದ್ದಳು ಅವಳು! ಬಂದದ್ದು ಮಾತ್ರ ಸಾವಿನ ಪೋಸ್ಟರಿನ ಮೇಲೆ.

"ಆ ಒಂದು ಗಳಿಗೆ ಮರೆಯಕ್ಕೆ ನಂಗೆ ಟೈಮ್ ಬೇಕು. ಸೊಸೆ ಅಂತ ಈಗ್ಲೇ ಬರೆಯಲ್ಲ."

ಅವನು ತಲೆಯಾಡಿಸಿ ಎದ್ದ.

"ಕೂತ್ಕೊಳ್ಳಿ," ಅಂದಳು ಅವಳು, ತಲೆ ಎತ್ತದೆ. "ಬರೀ ಗಾನವಿ ಅಂತ ಬರೆದಿದ್ದೀನಿ. ನಿಮ್ಮ ಹೆಸರಿನ ಪಕ್ಕದಲ್ಲೇ. ಅಕ್ಷರ ಚಿಕ್ಕದಾಯ್ತಾ ನೋಡಿ."

ಅವನು ನೋಡಿದ. ಕಣ್ಣು ಮಂಜಾಗಿ ಏನೂ ಕಾಣಲಿಲ್ಲ.

"ಸರಿ ಇದೆ," ಅಂದ.